ಅನಾಥ ಶವಕ್ಕೆ ಟಿಕೆಟ್ ಇಟ್ಟಾಗ

ಶವಗಳನ್ನು ದುಡ್ಡಿಗೆ ಪ್ರದರ್ಶನಕ್ಕೆ ಇಡುವುದು ಸರಿಯೇ? ಇದು ಈ ಪಾಠದ ಪ್ರಶ್ನೆ. ಓದುವಾಗ 'ಅನಾಥ ಶವ' ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನಮ್ಮ ಕಾಸರಗೋಡಿನ ಪತ್ರಿಕೆಗಳಲ್ಲಿ 'ಅಪರಿಚಿತ ಶವ ಪತ್ತೆ' ಎಂಬ ನಾಲ್ಕು ಸಾಲಿನ ಸುದ್ದಿ ಆಗಾಗ ಬರುತ್ತದೆ, ಅಲ್ವಾ? ಆ ಮನುಷ್ಯನಿಗೆ ಎಲ್ಲೋ ಒಂದು ಮನೆ ಇರುತ್ತದೆ. ಮನೆಯವರಿಗೆ ಸುದ್ದಿ ಮುಟ್ಟಿರುವುದಿಲ್ಲ, ಇಲ್ಲವೇ ಬರಲು ಕೈಯಲ್ಲಿ ಕಾಸಿರುವುದಿಲ್ಲ. ಯಾರೂ ಬಾರದಿದ್ದರೆ ಕಾಗದದಲ್ಲಿ ಅವನು 'ವಾರಸುದಾರರಿಲ್ಲದ ಶವ'. ಅಂಥ ಶವವನ್ನು ಮೆಡಿಕಲ್ ಕಾಲೇಜಿನ ಪಾಠಕ್ಕೆ ಕೊಡಲು ಕೇರಳದಲ್ಲಿ 1957ರ ಅನಾಟಮಿ (ಅಂಗರಚನಾ ಶಾಸ್ತ್ರ) ಕಾಯ್ದೆ ಇದೆ. ಡಾಕ್ಟರಾಗುವವರು ಶವ ಕೊಯ್ದೇ ಕಲಿಯಬೇಕು, ಒಪ್ಪೋಣ. ಆದರೆ ಒಪ್ಪಿಗೆ ಇರಬೇಕಾದ ಜಾಗದಲ್ಲಿ ಬಡತನ ಬಂದು ಕೂತಿದೆ. ಅದನ್ನು ಮರೆಯಬೇಡಿ.

ಈಗ ಪ್ರದರ್ಶನಕ್ಕೆ ಬರೋಣ. 1977ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ಅಂಗರಚನಾ ತಜ್ಞ ಗುಂಥರ್ ಫಾನ್ ಹಾಗೆನ್ಸ್ 'ಪ್ಲಾಸ್ಟಿನೇಶನ್' ಕಂಡುಹಿಡಿದರು. ದೇಹದ ನೀರು, ಕೊಬ್ಬನ್ನು ಅಸಿಟೋನ್‌ನಿಂದ ತೆಗೆದು, ಆ ಜಾಗಕ್ಕೆ ಸಿಲಿಕೋನ್‌ನಂಥ ಪ್ಲಾಸ್ಟಿಕ್ ತುಂಬುತ್ತಾರೆ. ಕೊಳೆಯುವುದಿಲ್ಲ, ವಾಸನೆಯಿಲ್ಲ. ವಾಸನೆ ಹೋದದ್ದೇ ತಡ, ಶವ ಊರೂರು ಸುತ್ತುವ ಸರಕಾಯಿತು. ಅವರ 'ಬಾಡಿ ವರ್ಲ್ಡ್ಸ್' ಎಂಬ ಶವ ಪ್ರದರ್ಶನ 1995ರಲ್ಲಿ ಟೋಕಿಯೊದಲ್ಲಿ ಶುರುವಾಯಿತು. ಅದನ್ನು ಕೋಟಿಗಟ್ಟಲೆ ಜನ ನೋಡಿದ್ದಾರೆ. ಅಲ್ಲಿ ಒಂದು ದೇಹ ಚೆಸ್ ಆಡುತ್ತದೆ, ಇನ್ನೊಂದು ಕುದುರೆ ಏರಿ ಕೂತಿದೆ. ಇವು ತಾವಾಗಿಯೇ ಬರೆದುಕೊಟ್ಟ ದಾನಿಗಳ ದೇಹ ಎನ್ನುತ್ತಾರೆ ಸಂಘಟಕರು.

ಅದೇ ಥರದ ಇನ್ನೊಂದು ಪ್ರದರ್ಶನ ಅಮೆರಿಕದ ಪ್ರೀಮಿಯರ್ ಎಕ್ಸಿಬಿಷನ್ಸ್ ಕಂಪನಿ ನಡೆಸಿದ್ದು. ಅಲ್ಲಿನ ದೇಹಗಳು ಚೀನಾದವು, ವಾರಸುದಾರರಿಲ್ಲದವು. 2008ರಲ್ಲಿ ನ್ಯೂಯಾರ್ಕ್ ರಾಜ್ಯದ ತನಿಖೆಯ ನಂತರ ಕಂಪನಿ ಒಂದು ಬೋರ್ಡ್ ಹಾಕಲು ಒಪ್ಪಬೇಕಾಯಿತು. ಈ ದೇಹಗಳು ಚೀನಾದ ಪೊಲೀಸರ ಕಡೆಯಿಂದ ಬಂದವು; ಇವು ಜೈಲಿನಲ್ಲಿ ಕೊಂದ ಕೈದಿಗಳದ್ದಲ್ಲ ಎಂದು ಖಚಿತಪಡಿಸಿಕೊಳ್ಳಲು ನಮಗೆ ಆಗುವುದಿಲ್ಲ ಎನ್ನುವುದು ಅದರ ಸಾರ. ಪ್ರದರ್ಶನ ಮಾತ್ರ ನಡೆದೇ ಇತ್ತು.

ಫ್ರಾನ್ಸ್ ಬೇರೆ ದಾರಿ ಹಿಡಿಯಿತು. ದೇಹಕ್ಕೆ ಸಲ್ಲಬೇಕಾದ ಗೌರವ ಸಾವಿನೊಂದಿಗೆ ಮುಗಿಯುವುದಿಲ್ಲ ಎಂಬ ಮಾತನ್ನು 2008ರಲ್ಲಿ ಅಲ್ಲಿನ ಸಿವಿಲ್ ಕೋಡ್‌ಗೆ ಸೇರಿಸಿದ್ದರು. ಮರುವರ್ಷ ಪ್ಯಾರಿಸ್‌ನ ಕೋರ್ಟ್ ಇಂಥದ್ದೇ ಪ್ರದರ್ಶನವನ್ನು ನಿಲ್ಲಿಸಿತು. 2010ರಲ್ಲಿ ಅಲ್ಲಿನ ಉನ್ನತ ನ್ಯಾಯಾಲಯ, ವ್ಯಾಪಾರಕ್ಕಾಗಿ ಶವ ತೋರಿಸುವುದೇ ಆ ಗೌರವಕ್ಕೆ ವಿರುದ್ಧ ಎಂದಿತು. ನ್ಯೂಯಾರ್ಕ್ ಕೇಳಿದ್ದು ಕಾಗದಪತ್ರ, ಫ್ರಾನ್ಸ್ ಪ್ರಶ್ನಿಸಿದ್ದು ವ್ಯಾಪಾರವನ್ನೇ. ಈ ವ್ಯತ್ಯಾಸವನ್ನು ಉತ್ತರದಲ್ಲಿ ಬರೆಯಲೇಬೇಕು. ನನಗೆ ಫ್ರಾನ್ಸಿನ ತೀರ್ಪೇ ಸರಿ ಅನಿಸುತ್ತದೆ.

ಯಾಕೆಂದರೆ, ಆಟಿ ತಿಂಗಳಲ್ಲಿ ನಮ್ಮ ಕಡೆ ಎಷ್ಟೋ ತುಳುವರ ಮನೆಗಳಲ್ಲಿ ಕುಲೆಗಳಿಗೆ, ಅಂದರೆ ಸತ್ತ ಹಿರಿಯರಿಗೆ, ಬಡಿಸುತ್ತಾರೆ. ಅಜ್ಜನಿಗೆ ಏನು ಇಷ್ಟವಿತ್ತೋ ಅದನ್ನೇ ಎಲೆಯಲ್ಲಿ ಇಡುತ್ತಾರೆ. ಸತ್ತವರಿಗೂ ಹೆಸರಿದೆ, ರುಚಿ ಇದೆ, ಮನೆಯಲ್ಲಿ ಪಾಲಿದೆ. ಪ್ರದರ್ಶನದ ದೇಹಕ್ಕೆ ಹೆಸರೇ ಇಲ್ಲ. ಚರ್ಮ ಸುಲಿದಿರುವುದರಿಂದ ಹೆತ್ತ ತಾಯಿ ಬಂದು ನಿಂತರೂ ಗುರುತು ಸಿಗದು.

ಹೆಸರು ಉಳಿದರೆ ಏನಾಗುತ್ತದೆ ಎನ್ನುವುದಕ್ಕೆ ಸಾರಾ ಬಾರ್ಟ್‌ಮನ್ ಉದಾಹರಣೆ. ದಕ್ಷಿಣ ಆಫ್ರಿಕಾದ ಈ ಹೆಣ್ಣುಮಗಳನ್ನು 1810ರಲ್ಲಿ ಲಂಡನ್ನಿಗೆ ಕರೆತಂದು ದುಡ್ಡಿಗೆ ತೋರಿಸಿದರು. 1815ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡಾಗ ವಿಜ್ಞಾನಿ ಜಾರ್ಜ್ ಕ್ಯುವಿಯೆ ಅವಳ ದೇಹವನ್ನು ಕೊಯ್ದರು. ಅಸ್ಥಿಪಂಜರ 1974ರವರೆಗೂ ಮ್ಯೂಸಿಯಂನಲ್ಲಿ ಜನರ ಮುಂದಿತ್ತು. ಅವಳನ್ನು ವಾಪಸ್ ಕೊಡಿ ಎಂದು ನೆಲ್ಸನ್ ಮಂಡೇಲಾ ಫ್ರಾನ್ಸನ್ನು ಕೇಳಿದರು. 2002ರ ಆಗಸ್ಟ್ 9ರಂದು ಅವಳನ್ನು ಅವಳ ನಾಡಿನಲ್ಲೇ ಮಣ್ಣು ಮಾಡಿದರು.