ಗಬ್ಬದ ಕುರಿಯ ಕೊನೆಯ ಆರು ವಾರ

ಕೆಲವು ವರ್ಷದ ಹಿಂದೆ ನಮ್ಮ ಕೊಟ್ಟಿಗೆಯಲ್ಲಿ ತುಂಬು ಗಬ್ಬದ ಕುರಿಯೊಂದು ಸತ್ತುಹೋಯಿತು. ಮೈಕೈ ತುಂಬಿಕೊಂಡಿದ್ದ ಕುರಿ. ಸಾಯುವ ಎರಡು ದಿನ ಮೊದಲು ಉಳಿದವುಗಳಿಂದ ದೂರ ಹೋಗಿ, ಗೋಡೆಗೆ ತಲೆ ಒತ್ತಿಕೊಂಡು ನಿಂತಿತ್ತು. ಹತ್ತಿರ ಹೋದರೂ ಬೆದರಲಿಲ್ಲ. ಈಯುವ ಹೊತ್ತು ಬಂತೇನೋ ಅಂದುಕೊಂಡು ನಾನು ಸುಮ್ನಾದೆ. ಮರುದಿನ ಅದು ಮಲಗಿದಲ್ಲಿಂದ ಏಳಲಿಲ್ಲ. ಪಶುವೈದ್ಯರು ಬಂದು ಮೊದಲು ಮಾಡಿದ ಕೆಲಸ ಅದರ ಬಾಯಿ ಮೂಸಿದ್ದು. ನನ್ನನ್ನೂ ಕರೆದು ಮೂಸಲು ಹೇಳಿದರು. ಉಗುರುಬಣ್ಣ ಅಳಿಸುವ ದ್ರವದ ಹಾಗೆ ಒಂಥರಾ ಸಿಹಿ ವಾಸನೆ. ‘ಹೊಟ್ಟೆಗೆ ಸಾಲದೆ ಹೀಗಾಗಿದೆ’ ಅಂದರು. ಮೂರು ಹೊತ್ತೂ ರಾಗಿಹುಲ್ಲು ಹಾಕುತ್ತಿದ್ದ ನನಗೆ ಆ ಮಾತು ನಂಬಲಾಗಲಿಲ್ಲ.

ಕುರಿಯ ಗಬ್ಬ ಸುಮಾರು 147 ದಿನ. ಲೆಕ್ಕಕ್ಕೆ ಐದು ತಿಂಗಳು ಅನ್ನುತ್ತೇವೆ. ಮೊದಲ ಮೂರೂವರೆ ತಿಂಗಳು ಮರಿ ತಾಯಿಯಿಂದ ಕೇಳುವುದು ಕಡಿಮೆ. ಹುಟ್ಟುವಾಗ ಇರುವ ತೂಕದಲ್ಲಿ ಹೆಚ್ಚುಕಡಿಮೆ ಶೇಕಡಾ 70ರಷ್ಟು ಬರುವುದು ಕೊನೆಯ ಆರು ವಾರದಲ್ಲೇ. ಅದೇ ಹೊತ್ತಿಗೆ ಗರ್ಭಕೋಶ ಹಿಗ್ಗಿ, ಮೇವು ತುಂಬುವ ದೊಡ್ಡ ಹೊಟ್ಟೆಯನ್ನು ಪಕ್ಕಕ್ಕೆ ಒತ್ತುತ್ತದೆ. ಬೇಕಾಗಿರುವುದು ಜಾಸ್ತಿ, ಹಿಡಿಸುವುದು ಕಡಿಮೆ. ಒಣಹುಲ್ಲು ಜಾಗ ತುಂಬುತ್ತದೆ, ಶಕ್ತಿ ತುಂಬುವುದಿಲ್ಲ.

ಇನ್ನೊಂದು ತೊಡಕು ಇದೆ. ಹೊಟ್ಟೆಯೊಳಗಿನ ಮರಿ ಬದುಕುವುದು ಮುಖ್ಯವಾಗಿ ಗ್ಲೂಕೋಸ್ ಮೇಲೆ. ಆದರೆ ಮೆಲುಕು ಹಾಕುವ ಪ್ರಾಣಿಗೆ ಮೇವಿನಿಂದ ನೇರವಾಗಿ ಗ್ಲೂಕೋಸ್ ಸಿಗುವುದು ತೀರಾ ಕಡಿಮೆ. ಹೊಟ್ಟೆಯ ಸೂಕ್ಷ್ಮಜೀವಿಗಳು ಮೇವನ್ನು ಹುದುಗಿಸಿ ಆಮ್ಲಗಳನ್ನಾಗಿ ಮಾಡುತ್ತವೆ. ಅದರಲ್ಲಿ ಒಂದನ್ನು, ಪ್ರೊಪಿಯೊನಿಕ್ ಆಮ್ಲವನ್ನು, ಹಿಡಿದು ಲಿವರ್ ಗ್ಲೂಕೋಸ್ ತಯಾರಿಸಬೇಕು. ಇದು ಸಾಲದೆ ಹೋದಾಗ ತಾಯಿ ತನ್ನ ಮೈಯ ಕೊಬ್ಬು ಕರಗಿಸುತ್ತದೆ. ಅಷ್ಟು ಕೊಬ್ಬು ಒಮ್ಮೆಲೇ ನುಗ್ಗಿದರೆ ಲಿವರ್ ಸೋಲುತ್ತದೆ. ಅರ್ಧಂಬರ್ಧ ಉರಿದ ಕೊಬ್ಬು ಕೀಟೋನ್ ಆಗಿ ರಕ್ತಕ್ಕೆ ಸೇರುತ್ತದೆ. ನಾನು ಮೂಸಿದ್ದು ಅದನ್ನೇ. ಮಿದುಳಿಗೆ ಗ್ಲೂಕೋಸ್ ಸಾಲದೆ ಕುರಿ ಮಂಕಾಗುತ್ತದೆ, ಹಲ್ಲು ಕಡಿಯುತ್ತದೆ, ಕಣ್ಣು ಕಾಣದ ಹಾಗೆ ಆಡುತ್ತದೆ. ಇದಕ್ಕೆ ಗರ್ಭದ ನಂಜು ಅನ್ನುತ್ತಾರೆ. ತೀರಾ ಬಡಕಲು ಕುರಿಗೆ ಮಾತ್ರ ಅಲ್ಲ, ಕೊಬ್ಬಿದ ಕುರಿಗೂ ಬರುತ್ತದೆ. ತಿನ್ನದೆ ದೂರ ನಿಂತ ದಿನವೇ ವೈದ್ಯರನ್ನು ಕರೆದರೆ ಉಳಿಸಬಹುದು. ನೆಲ ಹಿಡಿದ ಮೇಲೆ ತುಂಬಾ ಕಷ್ಟ.

ಅವಳಿ ಮರಿ ಇದ್ದರೆ ಅಪಾಯ ಇನ್ನೂ ಹೆಚ್ಚು. ನಮ್ಮ ಬಂಡೂರು, ಡೆಕ್ಕನಿ ಕುರಿಗಳು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತವೆ. ಮಹಾರಾಷ್ಟ್ರದ ಫಲ್ಟಣ್‌ನಲ್ಲಿ ನಿಂಬಕರ್ ಸಂಸ್ಥೆಯವರು ಬೆಳೆಸಿದ ನಾರಿ ಸುವರ್ಣ ತಳಿಯ ಕತೆ ಬೇರೆ. ಸುಂದರಬನದ ಪುಟ್ಟ ಗರೋಲ್ ಕುರಿಯಲ್ಲಿದ್ದ ಒಂದು ಜೀನ್ ಇದರೊಳಗೆ ಬಂದಿದೆ. ಅದರಿಂದಾಗಿ ಒಂದು ಸಲಕ್ಕೆ ಹೆಚ್ಚು ಅಂಡ ಬಿಡುಗಡೆಯಾಗಿ, ಅವಳಿ ಹುಟ್ಟುವುದು ಮಾಮೂಲು. ಕರ್ನಾಟಕದಲ್ಲೂ ಈಗ ಸಾಕುತ್ತಿದ್ದಾರೆ. ಎರಡು ಮರಿ ಅಂದರೆ ಖುಷಿ, ಅಲ್ವಾ? ಆ ಎರಡನೆಯ ಮರಿಯ ಊಟ ತಾಯಿಯ ಹೊಟ್ಟೆಯಲ್ಲಿರುವಾಗಲೇ ಶುರುವಾಗುತ್ತದೆ ಅನ್ನುವುದು ನೆನಪಿರಬೇಕು.

ಹಿಂಡಿ ಕೊಟ್ಟರೆ ಮರಿ ದಪ್ಪವಾಗಿ ಸಿಕ್ಕಿಕೊಳ್ಳುತ್ತದೆ ಅಂತ ನಮ್ಮೂರಲ್ಲಿ ಈಗಲೂ ಹೇಳುತ್ತಾರೆ. ಮಿತಿಮೀರಿ ಕೊಬ್ಬಿಸಿದರೆ ತೊಂದರೆ ನಿಜ. ಆದರೆ ಆ ಹೆದರಿಕೆಗೆ ಪೂರ್ತಿ ನಿಲ್ಲಿಸುವುದು ದೊಡ್ಡ ತಪ್ಪು. ನಾನು ಮಾಡಿದ್ದೂ ಅದನ್ನೇ. ಈಗ ಕೊನೆಯ ಆರು ವಾರ ಹುರುಳಿ ಹೊಟ್ಟು, ಹಸಿ ಸೊಪ್ಪಿನ ಜೊತೆ ಮೆಕ್ಕೆಜೋಳದ ನುಚ್ಚು, ಶೇಂಗಾ ಹಿಂಡಿ ಸೇರಿಸಿ ಕೊಡುತ್ತೇನೆ. ಒಂದು ಹಿಡಿಯಿಂದ ಶುರುಮಾಡಿ, ಹತ್ತು ಹದಿನೈದು ದಿನದಲ್ಲಿ 200ರಿಂದ 300 ಗ್ರಾಂಗೆ ಏರಿಸುತ್ತೇನೆ. ಅವಳಿ ಇದೆ ಅನ್ನಿಸಿದರೆ ಇನ್ನಷ್ಟು. ಒಮ್ಮೆಲೇ ಕಾಳು ಸುರಿದರೆ ಹೊಟ್ಟೆ ಹುಳಿಯಾಗಿ ಅದೇ ಕುರಿಯನ್ನು ಕೊಲ್ಲುತ್ತದೆ. ಮಳೆ ಅಂತ ಒಂದು ದಿನ ಉಪವಾಸ ಹಾಕುವುದು, ಗಾಡಿಯಲ್ಲಿ ದೂರ ಸಾಗಿಸುವುದು ಈ ಹೊತ್ತಲ್ಲಿ ಬೇಡವೇ ಬೇಡ. ದನದ ಖನಿಜ ಮಿಶ್ರಣವನ್ನೂ ಹಾಕಬೇಡಿ. ದನಕ್ಕೆ ಹಿಡಿಸುವಷ್ಟು ತಾಮ್ರ ಕುರಿಯ ಲಿವರ್‌ನಲ್ಲಿ ಸೇರುತ್ತಾ ಹೋಗಿ ವಿಷವಾಗುತ್ತದೆ.

ಉಣ್ಣೆ ಕಣ್ಣಿಗೆ ಮೋಸ ಮಾಡುತ್ತದೆ. ಅದಕ್ಕೇ ಕೈಯಿಂದ ನೋಡಬೇಕು. ಕೊನೆಯ ಪಕ್ಕೆಲುಬಿನ ಹಿಂದೆ, ಬೆನ್ನುಮೂಳೆ ಮೇಲೆ ಬೆರಳು ಒತ್ತಿ. ಮೂಳೆ ಚೂಪಾಗಿ ಚುಚ್ಚಿದರೆ ಕುರಿ ಸೊರಗಿದೆ. ಒತ್ತಿದರೂ ಸಿಗದಿದ್ದರೆ ಕೊಬ್ಬಿದೆ. ದುಂಡಗೆ ಸಿಗಬೇಕು.

ಈಯಲು ಒಂದು ತಿಂಗಳು ಇರುವಾಗ ವೈದ್ಯರನ್ನು ಕೇಳಿ ಕರುಳುಬೇನೆಯ ಲಸಿಕೆ ಹಾಕಿಸಬೇಕು. ಇದು ತಾಯಿಗಿಂತ ಹೆಚ್ಚಾಗಿ ಮರಿಗಾಗಿ. ಮನುಷ್ಯರಲ್ಲಿ ತಾಯಿಯ ರೋಗನಿರೋಧಕ ಶಕ್ತಿ ಮಾಸಿನ ಮೂಲಕವೇ ಮಗುವಿಗೆ ದಾಟುತ್ತದೆ. ಕುರಿಯಲ್ಲಿ ದಾಟುವುದಿಲ್ಲ. ಮರಿ ಬರಿಗೈಲಿ ಹುಟ್ಟುತ್ತದೆ. ಅದಕ್ಕೆ ಇರುವುದು ಗಿಣ್ಣು ಹಾಲು ಒಂದೇ. ಲಸಿಕೆಯಿಂದ ತಾಯಿಯಲ್ಲಿ ಹುಟ್ಟಿದ ರಕ್ಷಣೆ ಕೊನೆಯ ವಾರಗಳಲ್ಲಿ ಕೆಚ್ಚಲಿಗೆ ಇಳಿದು ಗಿಣ್ಣಿನಲ್ಲಿ ಸೇರುತ್ತದೆ. ಅದನ್ನು ಹೀರಿಕೊಳ್ಳಲು ಮರಿಯ ಕರುಳು ತೆರೆದಿರುವುದು ಹುಟ್ಟಿದ ಒಂದು ದಿನ ಮಾತ್ರ. ಗಂಟೆ ಕಳೆದ ಹಾಗೆ ಅದು ಮುಚ್ಚುತ್ತಾ ಬರುತ್ತದೆ. ಮೂರು ಕೆಜಿ ಮರಿಗೆ ಆ ದಿನದಲ್ಲಿ 300 ಮಿಲಿಲೀಟರ್ ಆದರೂ ಬೇಕು. ಮಾಸು ಬೀಳಲಿ, ಆಮೇಲೆ ಕುಡಿಸೋಣ ಅಂತ ಕಾಯುವವರಿದ್ದಾರೆ. ದಯವಿಟ್ಟು ಕಾಯಬೇಡಿ.

ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಈಯುವ ಕುರಿಯ ಹತ್ತಿರ ಬಿಡಬೇಡಿ. ಮಾಸು, ಸತ್ತ ಮರಿ ಮುಟ್ಟುವವರು ಕೈಗವಸು ಹಾಕಿಕೊಳ್ಳಿ. ಕುರಿಗೆ ಗಬ್ಬ ಕಳೆಯುವ ಕೆಲವು ರೋಗಾಣುಗಳು ಮನುಷ್ಯರಿಗೂ ಬರುತ್ತವೆ.

ಕಳೆದ ಸಲ ನಮ್ಮ ಕುರಿ ಬೆಳಗಿನ ಜಾವ ಅವಳಿ ಹಾಕಿತು. ದೊಡ್ಡದು ತಾನೇ ಎದ್ದು ಕುಡಿಯಿತು. ಚಿಕ್ಕದಕ್ಕೆ ನಿಲ್ಲಲು ಆಗಲಿಲ್ಲ. ಮೊಲೆ ಹಿಂಡಿ, ಗಿಣ್ಣು ಅದರ ತುಟಿಗೆ ಸವರಿ, ಬಾಯಿಗೆ ಮೊಲೆ ಕೊಟ್ಟು ಹಿಡಿದು ಕೂತೆ. ಸ್ವಲ್ಪ ಹೊತ್ತಿಗೆ ಬಾಲ ಅಲ್ಲಾಡಿಸಲು ಶುರುಮಾಡಿತು. ಹೊಟ್ಟೆ ಮುಟ್ಟಿ ನೋಡಿದೆ. ಬೆಚ್ಚಗೆ, ದುಂಡಗೆ ಇತ್ತು.