ಗ್ಲೌಸಿನೊಳಗಿನ ಮಳೆ

ಪುಷ್ಯ ಮಳೆ ಹಿಡಿದ ದಿನಗಳಲ್ಲಿ ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಬೈಕಿನಲ್ಲಿ ಹೊರಟವರು ಕೈಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿಕೊಂಡಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಊರು ಮುಟ್ಟುವಾಗ ಕೈ ತೊಯ್ದಿರುತ್ತದೆ. ಕೊಟ್ಟೆ ತೂತಾಗಿದೆ ಎಂದು ಅವರು ತೀರ್ಮಾನಿಸುತ್ತಾರೆ. ಅನೇಕ ಸಲ ತೂತೇ ಇರುವುದಿಲ್ಲ. ಆ ನೀರು ಅವರದೇ ಅಂಗೈಯದು.

ಬೆವರುಗ್ರಂಥಿಗಳು ಅತಿ ದಟ್ಟವಾಗಿರುವ ಜಾಗಗಳಲ್ಲಿ ಅಂಗೈಯೂ ಒಂದು. ಅಲ್ಲಿಂದ ಹೊರಟ ಆವಿ, ಗಾಳಿಗೆ ತಣ್ಣಗಾದ ಪ್ಲಾಸ್ಟಿಕ್ಕಿನ ಒಳಮೈಗೆ ತಾಗಿ, ಅನ್ನದ ಪಾತ್ರೆಯ ಮುಚ್ಚಳದಲ್ಲಿ ಆಗುವಂತೆಯೇ ಹನಿಗಟ್ಟುತ್ತದೆ. ನಿಂತ ಗಾಳಿಗಿಂತ ನೀರು 20 ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುವುದರಿಂದ ಬೆರಳು ಬೇಗ ಮರಗಟ್ಟುತ್ತದೆ, ಘಾಟಿಯ ತಿರುವಿನಲ್ಲಿ ಬ್ರೇಕ್ ಹಿಡಿಯಬೇಕಾದದ್ದು ಅದೇ ಬೆರಳು.

ಆವಿಯನ್ನು ಹೊರಬಿಟ್ಟು ಹನಿಯನ್ನು ತಡೆಯುವ ಪೊರೆಯಿರುವ ಗ್ಲೌಸು ಇದಕ್ಕೆ ಉತ್ತರ. ಆ ಪೊರೆಯ ಕಥೆ ನಮ್ಮ ದೋಸೆ ಕಾವಲಿಯಿಂದಲೇ ಶುರುವಾಗುತ್ತದೆ. 1938ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ರಾಯ್ ಪ್ಲಂಕೆಟ್ ಅವರ ಕೈಗೆ ಆಕಸ್ಮಿಕವಾಗಿ ಸಿಕ್ಕ, ಇಂದು ಅಂಟದ ಕಾವಲಿಗಳ ಮೇಲಿರುವ ಟೆಫ್ಲಾನನ್ನು 1969ರಲ್ಲಿ ಅಲ್ಲಿಯದೇ ಎಂಜಿನಿಯರ್ ರಾಬರ್ಟ್ ಗೋರ್ ಕಾಯಿಸಿ, ಥಟ್ಟನೆ ಜಗ್ಗಿದರು. ಮೆಲ್ಲಗೆ ಎಳೆದಾಗಲೆಲ್ಲ ತುಂಡಾಗುತ್ತಿದ್ದ ವಸ್ತು ಆ ಜಗ್ಗಿಗೆ ಹಲವು ಪಟ್ಟು ಹಿಗ್ಗಿ, ಮೈತುಂಬ ಸೂಕ್ಷ್ಮ ರಂಧ್ರಗಳ ಪೊರೆಯಾಯಿತು. ಬೆಸ್ತನ ಬಲೆಯಲ್ಲಿ ಮೀನು ನಿಂತು ಹೊಳೆ ಹರಿದುಹೋಗುವಂತೆ, ಆ ರಂಧ್ರಗಳಲ್ಲಿ ಮಳೆಹನಿ ನಿಲ್ಲುತ್ತದೆ, ಒಂಟೊಂಟಿಯಾಗಿ ಹಾರುವ ಆವಿಯ ಅಣು ದಾಟುತ್ತದೆ.

ನಮ್ಮ ಮಲೆನಾಡಿನ ಗಾಳಿಯೇ ಆಷಾಢದಲ್ಲಿ ನೀರು ತುಂಬಿಕೊಂಡಿರುವಾಗ ಆವಿ ಹೊರಗೆ ಹೋಗುವುದೆಲ್ಲಿಗೆ ಎಂದು ಕೇಳಬಹುದು. ನನಗೆ ಅತ್ಯಂತ ಸಂತೋಷ ಕೊಡುವ ಸಂಗತಿ ಇಲ್ಲಿದೆ. 20 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಗರಿಷ್ಠ 17 ಗ್ರಾಂ ಆವಿಯನ್ನು ಹಿಡಿದರೆ, ಗ್ಲೌಸಿನೊಳಗಿನ 30 ಡಿಗ್ರಿಯ ಗಾಳಿ 30 ಗ್ರಾಂ ಹಿಡಿಯಬಲ್ಲದು. ಹೊರಗಿನ ತೇವಾಂಶ ಶೇಕಡಾ 100 ಇದ್ದರೂ ಅದು ತುಂಬಿದ ಚಿಕ್ಕ ಕೊಡ, ಒಳಗಿನದು ತುಂಬಿದ ದೊಡ್ಡ ಹಂಡೆ. ಎರಡನ್ನೂ ಅಕ್ಕಪಕ್ಕದ ಕೆರೆಗಳೆಂದು ಭಾವಿಸಿದರೆ ನೀರಿನ ಮಟ್ಟ ಇನ್ನೂ ಒಳಗಿನದರಲ್ಲೇ ಮೇಲಿದೆ. ಕೈ ಬೆಚ್ಚಗಿರುವಷ್ಟು ಹೊತ್ತು ಆವಿ ಹೊರಮುಖವಾಗಿಯೇ ಹರಿಯುತ್ತದೆ.

ಆದರೆ ಪೊರೆಯ ಮೇಲಿನ ಬಟ್ಟೆ ನೀರು ಕುಡಿದರೆ ದಾರಿ ಬಹುಪಾಲು ಮುಚ್ಚಿದಂತೆ. ಹೊಸ ಗ್ಲೌಸಿನ ಮೇಲೆ ಹನಿ ಕೆಸುವಿನ ಎಲೆಯ ಮೇಲಿನಂತೆ ಉರುಳುತ್ತದೆ; ಕೊಳೆ ಹಿಡಿದು ಲೇಪ ಸವೆದ ಮೇಲೆ ಹರಡಿ ಇಂಗುತ್ತದೆ. ತೊಳೆದು, ಮತ್ತೆ ನೀರು ನಿರೋಧಕ ಲೇಪವನ್ನು ಸಿಂಪಡಿಸಬೇಕು. ಬಚ್ಚಲೊಲೆಯ ಉರಿಯ ಮುಂದೆ ಒಣಗಿಸಿದರೆ ಅಂಟಿನ ಜೋಡಣೆಗಳು ಬಿಡುವ ಅಪಾಯವಿದೆ.

ನೆಟ್ಟಗೆ ಕೂರುವ ಬೈಕುಗಳಲ್ಲಿ ಮಣಿಕಟ್ಟು ಮೊಣಕೈಗಿಂತ ಕೆಳಗಿರುವುದರಿಂದ, ರೈನ್‌ಕೋಟಿನ ತೋಳನ್ನು ಗ್ಲೌಸಿನೊಳಗೆ ತುರುಕಿದರೆ ತೋಳಿನ ಮೇಲೆ ಇಳಿದ ನೀರೆಲ್ಲ ಒಳಗೇ ಸೇರುತ್ತದೆ. ಸೂರಿನ ಮೇಲಿನ ಹಂಚು ಕೆಳಗಿನದರ ಮೇಲೆ ಚಾಚಿರುವಂತೆ, ತೋಳು ಗ್ಲೌಸಿನ ಮೇಲೆ ಬರಬೇಕು.