ಶಿಫ್ಟ್ ಹಿಡಿದು ಎಸ್ ಒತ್ತುವ ತನಕ

ಲಿನಕ್ಸ್ ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ವಿಂಡೋದಲ್ಲಿ, ಪ್ರಾಂಪ್ಟ್‌ನ (ಕಮಾಂಡ್‌ಗಾಗಿ ಕಾಯುವ ಸಾಲಿನ) ಬಣ್ಣ ಬದಲಾಯಿಸುತ್ತೀರಿ. ಉದ್ದದ ಕಮಾಂಡ್‌ಗೆ ಪುಟ್ಟದೊಂದು ಅಲಿಯಾಸ್ (ಅಡ್ಡಹೆಸರು) ಇಟ್ಟುಕೊಳ್ಳುತ್ತೀರಿ. ಖುಷಿಯಿಂದ ವಿಂಡೋ ಮುಚ್ಚಿ ಮತ್ತೆ ತೆರೆದರೆ ಎಲ್ಲ ಮೊದಲಿನ ಹಾಗೇ! ಹೊಸಬರಿಗೆ ಇದು ತುಂಬಾ ಬೇಸರ ತರಿಸುತ್ತದೆ. ಆದರೆ ಬದಲಾಯಿಸುವುದು ಒಂದು ಕೆಲಸ, ಉಳಿಸುವುದು ಇನ್ನೊಂದು ಎಂಬ ಈ ಪದ್ಧತಿ ನನಗೆ ಬಹಳ ಇಷ್ಟ. ಅದು ಚೆನ್ನಾಗಿ ಕಾಣಿಸುವುದು ಒಂದು ಹಳೆಯ ಯಂತ್ರದಲ್ಲಿ.

1978ರಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ವಿಟಿ100 ಎಂಬ ಟರ್ಮಿನಲ್ ಹೊರತಂದಿತು. ಆಗ ಟರ್ಮಿನಲ್ ಅಂದರೆ ಒಂದು ಪರದೆ, ಒಂದು ಕೀಬೋರ್ಡ್ ಅಷ್ಟೇ. ಕಂಪ್ಯೂಟರ್ ಇನ್ನೆಲ್ಲೋ ಇರುತ್ತಿತ್ತು, ನಡುವೆ ಕೇಬಲ್. ಎರಡೂ ಕಡೆ ಅಕ್ಷರ ಕಳಿಸುವ ವೇಗ ಒಂದೇ ಇಲ್ಲದಿದ್ದರೆ ಪರದೆ ತುಂಬಾ ಅರ್ಥವಿಲ್ಲದ ಅಕ್ಷರಗಳು. ಅದಕ್ಕಿಂತ ಮುಂಚಿನ ಟರ್ಮಿನಲ್‌ಗಳಲ್ಲಿ ಇಂಥದ್ದಕ್ಕೆಲ್ಲ ಸ್ವಿಚ್‌ಗಳಿದ್ದವು. ವಿಟಿ100 ಈ ಕೆಲಸವನ್ನು ಕೀಬೋರ್ಡ್‌ಗೇ ತಂದಿತು.

'ಸೆಟ್-ಅಪ್' ಕೀ ಒತ್ತಿದರೆ ನೀವು ಓದುತ್ತಿದ್ದದ್ದು ಮರೆಗೆ ಸರಿದು ಸೆಟ್ಟಿಂಗ್ ಪರದೆ ಬರುತ್ತಿತ್ತು. 5 ಒತ್ತಿದರೆ ಎರಡನೇ ಪರದೆ. ಅದರ ಕೆಳಗಡೆ ನಾಲ್ಕು ನಾಲ್ಕರ ಗುಂಪುಗಳಲ್ಲಿ ಸೊನ್ನೆ, ಒಂದುಗಳ ಸಾಲು; ಒಂದೊಂದೂ ಒಂದು ಸೆಟ್ಟಿಂಗ್. ಕರ್ಸರ್ ಒಯ್ದು 6 ಒತ್ತಿದರೆ ಸೊನ್ನೆ ಒಂದಾಗುತ್ತದೆ, ಒಂದು ಸೊನ್ನೆಯಾಗುತ್ತದೆ. ಮೊದಲ ಗುಂಪಿನ ಮೂರನೆಯದನ್ನು ಒಂದು ಮಾಡಿದರೆ ಕಪ್ಪು ಪರದೆ ತಕ್ಷಣ ಬೆಳ್ಳಗಾಗುತ್ತಿತ್ತು. ಇಡೀ ಸಾಲಿನ ಕೊನೆಯದು ಕರೆಂಟ್‌ಗೆ ಸಂಬಂಧಿಸಿದ್ದು: ಅಮೆರಿಕದಲ್ಲಾದರೆ 60 ಹರ್ಟ್ಸ್, ನಮ್ಮಂಥ ಕಡೆ 50. ಇದು ತಪ್ಪಿದರೆ ಅಕ್ಷರಗಳು ನೀರಿನಲ್ಲಿ ತೇಲಿದ ಹಾಗೆ ಅಲುಗಾಡಬಹುದು.

ಈ ಬದಲಾವಣೆಗಳೆಲ್ಲ ಇರುತ್ತಿದ್ದದ್ದು ರ‍್ಯಾಮ್‌ನಲ್ಲಿ. ಕರೆಂಟ್ ಹೋದರೆ ಅವೂ ಹೋದವು. ಉಳಿಸಿಕೊಳ್ಳಲು ಬೇರೆಯೇ ಒಂದು ಚಿಪ್ ಇತ್ತು. ಅದರಲ್ಲಿ ಇದ್ದ ಜಾಗ 1400 ಬಿಟ್, ಅಂದರೆ 175 ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಇವತ್ತಿನ ಪದ್ಧತಿಯಾದ ಯುಟಿಎಫ್-8ರಲ್ಲಿ ಕನ್ನಡ ಬರೆದರೆ ಒಂದು ಸಣ್ಣ ವಾಕ್ಯಕ್ಕೇ ಅದು ಭರ್ತಿ! ಆ ಚಿಪ್‌ನಲ್ಲಿ ಸಿಲಿಕಾನ್ ನೈಟ್ರೈಡ್‌ನ ತೆಳು ಪದರದೊಳಗೆ ಎಲೆಕ್ಟ್ರಾನ್‌ಗಳು ಸಿಕ್ಕಿಕೊಳ್ಳುತ್ತವೆ, ಕರೆಂಟ್ ಇಲ್ಲದಿದ್ದರೂ ಅಲ್ಲೇ ಕೂತಿರುತ್ತವೆ. ಅವನ್ನು ಒಳಗೆ ತಳ್ಳಲು ಜಾಸ್ತಿ ವೋಲ್ಟೇಜ್ ಬೇಕು, ಸಮಯವೂ ಬೇಕು. ಅದಕ್ಕೇ ಸೆಟ್ಟಿಂಗ್ ಉಳಿಸಲು ಶಿಫ್ಟ್ ಹಿಡಿದು ಎಸ್ ಒತ್ತಿದಾಗ ಪರದೆಯ ಮೇಲೆ 'ವೇಟ್' ಅಂತ ಬರುತ್ತಿತ್ತು. ಏನೋ ಎಡವಟ್ಟಾಯಿತೇ? ಶಿಫ್ಟ್ ಹಿಡಿದು ಆರ್ ಒತ್ತಿ, ಉಳಿಸಿಟ್ಟ ಹಳೆಯ ಸೆಟ್ಟಿಂಗ್ ವಾಪಸ್. ಭಯವಿಲ್ಲದೆ ಏನು ಬೇಕಾದರೂ ಮಾಡಿ ನೋಡಬಹುದಿತ್ತು, ಅಲ್ವಾ?

ಇವತ್ತು ಆ ಚಿಪ್‌ನ ಕೆಲಸ ಮಾಡುವುದು ನಿಮ್ಮ ಹೋಮ್ ಫೋಲ್ಡರ್‌ನಲ್ಲಿರುವ 'ಡಾಟ್ ಬ್ಯಾಶ್‌ಆರ್‌ಸಿ' ಎಂಬ ಫೈಲು. ಹೆಸರು ಚುಕ್ಕಿಯಿಂದ ಶುರುವಾಗುವುದರಿಂದ ಸುಮ್ನೆ ನೋಡಿದರೆ ಕಾಣುವುದಿಲ್ಲ. ವಿಂಡೋ ತೆರೆದಾಗಲೆಲ್ಲ ಬ್ಯಾಶ್, ಅಂದರೆ ನಿಮ್ಮ ಕಮಾಂಡ್‌ಗಳನ್ನು ನಡೆಸುವ ಪ್ರೋಗ್ರಾಂ, ಅದನ್ನು ಓದುತ್ತದೆ. ಅಲಿಯಾಸ್ ಅಲ್ಲಿ ಬರೆದಿಟ್ಟರೆ ಉಳಿಯಿತು. ತಿದ್ದಿದ ಮೇಲೆ ಹಳೆಯ ವಿಂಡೋ ಮುಚ್ಚದೆ ಹೊಸದೊಂದನ್ನು ತೆರೆದು ನೋಡಿ. ಹೊಸದರಲ್ಲಿ ಏನಾದರೂ ಕೆಟ್ಟಿದ್ದರೆ ಹಳೆಯದರಲ್ಲೇ ಕೂತು ಸರಿಮಾಡಬಹುದು.

ವಿಟಿ100 ಪೂರ್ತಿ ಮರೆಯಾಗಿಲ್ಲ. ಪ್ರಿಂಟ್‌ಎಫ್ ಕಮಾಂಡ್‌ನಿಂದ ಎಸ್ಕೇಪ್ ಅಕ್ಷರ, ಎಡ ಚೌಕ ಕಂಸ, ಪ್ರಶ್ನೆ ಚಿಹ್ನೆ, 5, ಸಣ್ಣ ಎಚ್ ಇಷ್ಟನ್ನು ಕಳಿಸಿದರೆ ಎಕ್ಸ್‌ಟರ್ಮ್ ಎಂಬ ಟರ್ಮಿನಲ್ ಪ್ರೋಗ್ರಾಂ ಇವತ್ತಿಗೂ ಪರದೆಯ ಬಣ್ಣ ತಿರುವುಮುರುವು ಮಾಡುತ್ತದೆ. ಎಚ್ ಬದಲು ಸಣ್ಣ ಎಲ್ ಕಳಿಸಿದರೆ ಮೊದಲಿನಂತೆ. ವಿಂಡೋ ಮುಚ್ಚಿದರೂ ಅಷ್ಟೇ, ಅದು ಉಳಿಯುವುದಿಲ್ಲ.